ಎಣ್ಣೆ ಹಚ್ಚಿದ ಕುಲಾವಿ

ಕೂಸಿನ ನೆತ್ತಿಯಲ್ಲಿ ಮೂಳೆಯಿಲ್ಲದ ಒಂದು ಮೆತ್ತನೆಯ ಜಾಗವಿದೆ. ಬೆರಳಿಟ್ಟರೆ ಒಳಗಿನ ಮಿಡಿತ ತಾಗುತ್ತದೆ. ಎರಡು ವರ್ಷ ತುಂಬುವುದರೊಳಗೆ ಮುಚ್ಚಿಹೋಗುವ ಆ ಕಿಟಕಿಗೆ, ಅದು ತೆರೆದಿರುವಷ್ಟು ದಿನ, ಯಾರಾದರೂ ಕಿವಿ ಇಟ್ಟು ಕೂತರೆ? ಈ ಒಂದು ಪ್ರಶ್ನೆಯಿಂದ ಹುಟ್ಟಿದ್ದು ನಾನು ಕೆಲಸ ಮಾಡುವ ಆಲಿಕೆ ಕೇಂದ್ರ.

ಎಳೆಗೂಸಿನ ತಲೆಗೆ ಪೆಟ್ಟು ಬಿದ್ದ ದಿನ ಸ್ಕ್ಯಾನ್ ಮಾಡಿದರೆ ಎಷ್ಟೋ ಸಲ ಏನೂ ಕಾಣುವುದಿಲ್ಲ. ಆದರೆ ಒಳಗೆ ಎಲ್ಲೋ ಒಂದು ರಕ್ತನಾಳದ ಗೋಡೆ ಹಳೆಯ ಸೀರೆಯ ಹಾಗೆ ಎಳೆ ಬಿಟ್ಟಿರಬಹುದು. ಆಮೇಲೆ ದಿನದಿನಕ್ಕೂ ಆ ಜಾಗ ಉಬ್ಬುತ್ತ ಹೋಗುತ್ತದೆ. ಕೂಸು ಹಾಲು ಕುಡಿಯುತ್ತದೆ, ನಗುತ್ತದೆ, ಕಾಲು ಬಡಿಯುತ್ತದೆ. ಒಂದು ದಿನ ಉಬ್ಬು ಒಡೆಯುತ್ತದೆ. ವೈದ್ಯರು ಇದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ನಮ್ಮ ಕೇಂದ್ರದಲ್ಲಿ ಎಲ್ಲರೂ ಅನ್ನುವುದು 'ಫುಗ್ಗಾ', ಅಂದರೆ ಬಲೂನು. ಜಾತ್ರೆಯಲ್ಲಿ ಮಕ್ಕಳು ಹಟ ಮಾಡಿ ಕೊಳ್ಳುವ ಫುಗ್ಗಾದ ಹೆಸರನ್ನು ಇದಕ್ಕೆ ಯಾಕೆ ಇಟ್ಟರೋ, ಆ ಮಾತು ಆಡುವಾಗೆಲ್ಲ ನನ್ನ ನಾಲಿಗೆ ಎಡವುತ್ತದೆ.

ಫುಗ್ಗಾ ಅಪರೂಪ. ಅದಕ್ಕಾಗಿ ಮಂಚದಿಂದ ಬಿದ್ದ ಕೂಸನ್ನೆಲ್ಲ ದಿನಾ ಮತ್ತು ಬರಿಸಿ ಸ್ಕ್ಯಾನಿಗೆ ಹಾಕಲಾಗದು. ಆದ್ದರಿಂದ ಕುಲಾವಿ. ನೋಡಲಿಕ್ಕೆ ಅಜ್ಜಿಯಂದಿರು ಹೊಲಿಯುವ ಅದೇ ಟೋಪಿ, ಗಲ್ಲದ ಕೆಳಗೆ ಅದೇ ಲಾಡಿ. ಆದರೆ ಒಳಮೈಯ ನೂಲಿಗೆ ಕಿವಿಯಿದೆ. ಸರಿಯಾದ ನಾಳದಲ್ಲಿ ರಕ್ತ ದಬ್ ದಬ್ ಎಂದು ನೇರ ಹೋಗುತ್ತದೆ. ಉಬ್ಬಿನೊಳಗೆ ಹೊಕ್ಕರೆ ಸುಳಿ ಸುತ್ತುತ್ತದೆ. ಆ ಸುಳಿಗೂ ಒಂದು ಸದ್ದಿದೆ. ಪೆಟ್ಟು ಬಿದ್ದ ಕೂಸಿಗೆ ಮೂರು ವಾರ ಕುಲಾವಿ ಕಟ್ಟಿದರೆ ಅದರ ತಲೆಯೊಳಗಿನ ಸದ್ದು ಧಾರವಾಡದ ನಮ್ಮ ಕೋಣೆಗೆ ಬರುತ್ತದೆ.

ಆ ಸದ್ದು ಕೇಳುವುದೇ ನನ್ನ ಕೆಲಸ. ನಾನು ಮುಕ್ತಾ, ಫಿಜಿಕ್ಸ್ ಪದವೀಧರೆ. ಶಾಲೆಯಲ್ಲಿ ಹಾಜರಿ ಕೂಗಿದಾಗ ನಾನು ಅಂದ 'ಎಸ್ ಸರ್' ಎದುರಿನ ಬೆಂಚನ್ನೂ ದಾಟುತ್ತಿರಲಿಲ್ಲ. ದಿನಕ್ಕೆ ಆಡಬೇಕಾದ ಮಾತನ್ನೆಲ್ಲ ಡೈರಿಯಲ್ಲಿ ಬರೆದು ಮುಗಿಸುವವಳು. ಸಂದರ್ಶನದಲ್ಲಿ ಕೇಂದ್ರದ ಮುಖ್ಯಸ್ಥ ವಾದಿರಾಜ ಕಟ್ಟಿ ಸರ್ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಮಾತಾಡ್ಲಿಕ್ಕೆ ಬರೂದಿಲ್ಲಾ?" ಎಂದರು. ತಲೆಯಾಡಿಸಿದೆ. "ಭೇಷ್ ಆತು. ನಮಗ ಕಿವಿ ಬೇಕ್ರೀ. ಬಾಯಿ ಅಂತೂ ನಮ್ಮಲ್ಲೇ ಬೇಕಾದಷ್ಟವ."

ಆದರೆ ಕಿವಿಗೆ ಸಿಗುತ್ತಿದ್ದುದು ಬಹಳ ಕಡಿಮೆ. ಸದ್ದು ತೀರ ಸಣ್ಣದು, ಗೋಡೆಯಾಚೆ ಯಾರೋ ಪಿಸುಗುಟ್ಟಿದ ಹಾಗೆ. ನಾನು ಸೇರಿದ ವರ್ಷ ಒಂದು ಫುಗ್ಗಾ ಸಿಕ್ಕಿತು, ಅದೂ ಹುಣಸೆಬೀಜದಷ್ಟು ಬೆಳೆದ ಮೇಲೆ. ಮತ್ತೊಂದು ಕೂಸು ನಮ್ಮ ಕುಲಾವಿ ಕಟ್ಟಿಕೊಂಡೇ ತೀರಿಹೋಯಿತು. ಆ ಕೂಸಿನ ದಾಖಲೆಯನ್ನು ಮತ್ತೆ ಮತ್ತೆ ಕೇಳಿದೆ. ಸುಳಿಯ ಸದ್ದು ಅಲ್ಲಿ ಇತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಆ ದಿನ ಡೈರಿ ತೆರೆಯಲಿಲ್ಲ.

ಸಾಲದ್ದಕ್ಕೆ ಕುಲಾವಿಗಳು ಕೆಡುತ್ತಿದ್ದವು. ಬರುವ ಸದ್ದನ್ನೆಲ್ಲ ಮೊದಲು ಒಂದು ಪ್ರೋಗ್ರಾಂ ಸೋಸುತ್ತಿತ್ತು. ಅದಕ್ಕೆ ನಾವಿಟ್ಟ ಹೆಸರು ಜರಡಿ. ಸದ್ದು ಇರಬೇಕಾದ್ದಕ್ಕಿಂತ ತೀರ ಜೋರಾಗಿದ್ದರೆ ನೂಲು ಸಡಿಲಾಗಿ ಉಜ್ಜುತ್ತಿದೆ ಎಂದು ತಿಳಿದು ಅದನ್ನು ಪಕ್ಕಕ್ಕೆ ತಳ್ಳಿ, 'ಕುಲಾವಿ ಕೆಟ್ಟಿದೆ, ಬದಲಿಸಿ' ಎಂದು ಕೆಂಪು ದೀಪ ಹಚ್ಚುತ್ತಿತ್ತು. ತಳ್ಳಿದ್ದನ್ನು ಯಾರೂ ಕೇಳುತ್ತಿರಲಿಲ್ಲ. ಕೆಟ್ಟ ಕುಲಾವಿಗಳು ಸೀಲು ಹಾಕಿದ ಚೀಲದಲ್ಲಿ ವಾಪಸು ಬಂದು ಹಾಗೆಯೇ ಕಸಕ್ಕೆ ಹೋಗುತ್ತಿದ್ದವು. ಕಟ್ಟಿ ಸರ್ ನೇಯ್ದವರನ್ನು ಬೈಯುತ್ತಿದ್ದರು, ನೇಯ್ದವರು ನೂಲನ್ನು ಬೈಯುತ್ತಿದ್ದರು.

ಅಷ್ಟರಲ್ಲಿ ನಮ್ಮ ಮನೆಗೇ ಕುಲಾವಿ ಬಂತು.

ಅಕ್ಕ ಬಾಣಂತನಕ್ಕೆ ಬಂದು ತವರಿನಲ್ಲೇ ಇದ್ದಳು. ಕೂಸಿಗೆ ಐದು ತಿಂಗಳು. ತೊಟ್ಟಿಲಲ್ಲಿಟ್ಟ ಹೆಸರು ಐರಾವತಿ, ಬಾಯಲ್ಲಿ ಉಳಿದದ್ದು ಗುಂಡವ್ವ. ಲಸಿಕೆ ಹಾಕಿಸಿಕೊಂಡು ಬರುವಾಗ ಆಟೋ ತಗ್ಗಿಗೆ ಬಿದ್ದು ಎಗರಿತು. ಅಕ್ಕ ಎದೆಗವಚಿಕೊಂಡಿದ್ದರೂ ಗುಂಡವ್ವನ ತಲೆ ಕಬ್ಬಿಣದ ಸರಳಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಬುರುಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ, ರಕ್ತಸ್ರಾವ ಇಲ್ಲ ಎಂದರು. ಕುಲಾವಿ ಕಟ್ಟಿ ಮನೆಗೆ ಕಳಿಸಿದರು. ಜೊತೆಗೆ ನಮ್ಮ ಕೇಂದ್ರದ್ದೇ ಸೂಚನೆ: ತಲೆಗೆ ಎಣ್ಣೆ ಹಚ್ಚಬಾರದು, ನೂಲು ಕೆಡುತ್ತದೆ.

ಅವ್ವನ ಮುಖ ನೋಡಬೇಕಿತ್ತು.

"ನೆತ್ತಿಗೆ ಎಣ್ಣಿ ಹಚ್ಚಬಾರದಂತ? ಯಾವಾಕಿ ಹೇಳಿದಾಕಿ?"

"ಆಕಿ ಅಲ್ಲವಾ, ಅವರು," ಎಂದೆ. "ನಮ್ಮ ಕಟ್ಟಿ ಸರ್."

"ಅವರಿಗೆ ಮಕ್ಕಳದಾವೇನು?"

"ಇಲ್ಲ. ಲಗ್ನ ಆಗಿಲ್ಲ."

"ಗೊತ್ತಾತು ಬಿಡು."

ಅಕ್ಕ ಹಾಲೂಡಿಸುತ್ತಲೇ ರೇಗಿದಳು. "ಅವ್ವಾ, ಮೂರ ವಾರ ಸುಮ್ಕಿರು. ನೆತ್ತಿ ಒಣಗಿದ್ರ ಮುರೀತೈತೇನು? ಹಪ್ಪಳ ಅಲ್ಲದು."

"ನಿಮ್ಮಿಬ್ಬರ ನೆತ್ತಿಗೂ ಔಡಲೆಣ್ಣಿ ತಟ್ಟೇನಿ ನಾ. ಒಬ್ಬಾಕಿ ಊರಿಗಾಗುವಷ್ಟು ಮಾತಾಡತಾಳ, ಇನ್ನೊಬ್ಬಾಕಿ ಬಾಯೇ ಬಿಡಂಗಿಲ್ಲ. ಅದು ಎಣ್ಣಿ ತಪ್ಪಲ್ಲ," ಎಂದು ಅವ್ವ ಬಾಟಲಿಯನ್ನು ಬಚ್ಚಲಿನ ಗೂಡಿನಲ್ಲಿ ಮೇಲಕ್ಕಿಟ್ಟಳು. ವಾದ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನದಿಂದ ಕೆಂಪು ದೀಪ. ಗುಂಡವ್ವನ ಕುಲಾವಿ ಕೆಟ್ಟಿತ್ತು. ಬದಲಿಸಿದೆವು. ಅದೂ ಕೆಟ್ಟಿತು.

"ಏನ್ರೀ ಮುಕ್ತಾ," ಕಟ್ಟಿ ಸರ್ ಎಲ್ಲರ ಮುಂದೆ ಅಂದರು, "ನಿಮ್ಮ ಮನ್ಯಾಗ ಕುಲಾವಿ ಕಟ್ಟಿಕೊಳ್ತೀರೋ, ಕರಿದು ತಿಂತೀರೋ?"

ಕೋಣೆಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಮೂರನೆಯದೂ ಕೆಟ್ಟಾಗ ಕೊರಿಯರಿಗೆ ಕಾಯದೆ ಹೊಸದನ್ನು ಕಟ್ಟಿ, ಹಳೆಯದನ್ನು ನನ್ನ ಚೀಲಕ್ಕೇ ಹಾಕಿಕೊಂಡು ಬಂದೆ. ಕೇಂದ್ರದಲ್ಲಿ ಚೀಲ ತೆರೆದಾಗ ಎ.ಸಿ. ಗಾಳಿಯ ನಡುವೆ ನಮ್ಮ ಮನೆಯ ಬಾಣಂತಿ ಕೋಣೆ ಎದ್ದು ಬಂತು. ಲೋಬಾನದ ಹೊಗೆ, ಹಾಲು, ಮತ್ತೆ ಅದೆಲ್ಲದರ ಮೇಲೆ ದಟ್ಟವಾಗಿ ಔಡಲೆಣ್ಣೆ.

ಸಿಟ್ಟು ಬಂತು. ಅವ್ವನಿಗೆ ಬೈಯಬೇಕು, ಬೈಯಲು ಒಂದು ಪುರಾವೆ ಬೇಕು. ಎಣ್ಣೆ ಕುಡಿದ ಕುಲಾವಿಯಿಂದ ಎಂಥ ಗಲಾಟೆ ಬಂದಿದೆ ಎಂದು ಅವಳಿಗೆ ಕೇಳಿಸಿಯೇ ಬಿಡೋಣವೆಂದು ಜರಡಿ ತಳ್ಳಿದ್ದ ಸದ್ದನ್ನು ತೆರೆದು ಹೆಡ್‌ಫೋನ್ ಹಾಕಿಕೊಂಡೆ.

ಗಲಾಟೆ ಇರಲಿಲ್ಲ.

ಗೋಡೆಯಾಚೆಯ ಪಿಸುಮಾತು ಬಾಗಿಲು ತೆರೆದು ಬಂದು ನನ್ನ ಮಗ್ಗುಲಲ್ಲಿ ಕೂತಿತ್ತು. ದಬ್, ದಬ್, ದಬ್. ಇಷ್ಟು ದಿನದಲ್ಲಿ ಇಷ್ಟು ತಿಳಿಯಾದ ಮಿಡಿತವನ್ನು ನಾನು ಕೇಳಿರಲೇ ಇಲ್ಲ. ನಮ್ಮ ಗುಂಡವ್ವ! ನಗು ಬಂತು. ಕಣ್ಣು ಮುಚ್ಚಿ ಕೇಳುತ್ತ ಹೋದೆ. ಆಮೇಲೆ ನಗು ನಿಂತಿತು. ಪ್ರತಿ ಮಿಡಿತದ ಬೆನ್ನಿಗೆ ಇನ್ನೇನೋ ಇತ್ತು. ದೂರದ ಮನೆಯಲ್ಲಿ ಯಾರೋ ಬೀಸುಕಲ್ಲನ್ನು ಒಂದು ಸುತ್ತು ತಿರುಗಿಸಿ ಬಿಟ್ಟಂತೆ. ದಬ್, ಗರ್ರ್. ದಬ್, ಗರ್ರ್.

ಮೊದಲ ಕುಲಾವಿಯ ಸದ್ದು ತೆರೆದೆ. ಅದರಲ್ಲಿ ಬರೀ ದಬ್. ಎರಡನೆಯದರಲ್ಲಿ ಗರ್ರ್ ಇದೆಯೋ ಇಲ್ಲವೋ ಎಂಬಷ್ಟು. ಮೂರನೆಯದರಲ್ಲಿ ಇದೆ.

ಎದ್ದು ಕಟ್ಟಿ ಸರ್ ಮೇಜಿನ ಬಳಿ ಹೋಗಿ ನಿಂತೆ.

"ಸರ್, ಫುಗ್ಗಾ ಐತಿ."

"ಯಾರಿಗೆ?"

"ನಮ್ಮ ಕೂಸಿಗೆ."

ಅವರು ಕೇಳಿದರು. ಹೆಡ್‌ಫೋನ್ ತೆಗೆದು ಮೆತ್ತಗೆ ಅಂದರು, "ಮುಕ್ತಾ, ಇದು ಕೆಟ್ಟ ಕುಲಾವಿ. ನೂಲು ಉಜ್ಜಿದ್ರ ಹಿಂಗs ಕೇಳ್ತದ. ಸ್ವಂತ ಕೂಸು ಅಂದ ಕೂಡ್ಲೆ ಜೀವ ಹೆದರ್ತದ, ನನಗ ತಿಳೀತದ."

ಬೇರೆ ಯಾವ ದಿನವಾದರೂ ನಾನು ಅಲ್ಲಿಗೆ ಸುಮ್ಮನಾಗುತ್ತಿದ್ದೆ. ಆ ದಿನ ಸುಮ್ಮನಾದರೆ ಗುಂಡವ್ವ ಉಳಿಯುವುದಿಲ್ಲ ಎಂಬುದಷ್ಟೇ ತಲೆಯಲ್ಲಿತ್ತು. ಮಾತಿನಲ್ಲಿ ಒಪ್ಪಿಸಲು ನನ್ನಿಂದಾಗದು. "ಬೊಂಬಿ ತಲಿಗೆ ಎಣ್ಣಿ ಹಚ್ಚಿ ನೋಡೋಣ್ರಿ ಸರ್," ಎಂದೆ.

ಪ್ರಯೋಗದ ಮೇಜಿನ ಮೇಲೆ ನಮ್ಮದೊಂದು ಬೊಂಬೆ ತಲೆಯಿದೆ. ಒಳಗೆ ರಬ್ಬರಿನ ನಾಳ, ಅದರಲ್ಲಿ ಕೆಂಪು ನೀರು ತಳ್ಳುವ ಪುಟ್ಟ ಪಂಪು. ನಾಳಕ್ಕೆ ಬೇಕಾದಾಗ ಫುಗ್ಗಾ ಸಿಕ್ಕಿಸಬಹುದು, ಬೇಡವಾದಾಗ ತೆಗೆಯಬಹುದು. ಒಣ ನೆತ್ತಿಗೆ ಹೊಸ ಕುಲಾವಿ ಕಟ್ಟಿದೆವು: ಅದೇ ಪಿಸುಮಾತು. ಅಟೆಂಡರ್ ಓಡಿಹೋಗಿ ಎದುರಿನ ಅಂಗಡಿಯಿಂದ ಔಡಲೆಣ್ಣೆ ತಂದ. ಬೊಂಬೆಯ ನೆತ್ತಿಗೆ ಹಚ್ಚಿ ಕಟ್ಟಿದೆವು. ಸ್ಪೀಕರಿನಿಂದ ದಬ್ ದಬ್ ಎಂದು ಕೋಣೆ ತುಂಬುವ ಸದ್ದು ಬಂತು. ಜರಡಿ ಕೂಡಲೇ ಕೆಂಪು ದೀಪ ಹಚ್ಚಿತು. ಕುಲಾವಿ ಹೊಚ್ಚ ಹೊಸದು! ಕಟ್ಟಿ ಸರ್ ಫುಗ್ಗಾ ಸಿಕ್ಕಿಸಿದರು.

ದಬ್, ಗರ್ರ್. ದಬ್, ಗರ್ರ್.

"ಗಾಳಿ," ಎಂದರು ಕಟ್ಟಿ ಸರ್, ತಮ್ಮಷ್ಟಕ್ಕೇ. "ಬಟ್ಟಿ ಮತ್ತ ಚರ್ಮದ ನಡುವ ಗಾಳಿ ನಿಂತದ. ಸದ್ದು ಅಲ್ಲೇ ಸಾಯ್ತದ. ಹೊಟ್ಟಿ ಸ್ಕ್ಯಾನ್ ಮಾಡೋಮುಂದ ಜೆಲ್ ಹಚ್ಚೂದು ಅದಕ್ಕs. ಹಚ್ಚಬ್ಯಾಡ್ರಿ ಅಂತ ಊರಿಗೆಲ್ಲ ಬರದವ ನಾನು." ಹಣೆ ಹಣೆ ಬಡಿದುಕೊಂಡು ಕೂಗಿದರು, "ಮನಿಗೆ ಫೋನ್ ಹಚ್ಚರಿ!"

ಫೋನ್ ತೆಗೆದದ್ದು ಅವ್ವ.

"ಅವ್ವಾ, ಕೂಸಿನ ನೆತ್ತಿಗೆ ಎಣ್ಣಿ ಹಚ್ಚೀಯೇನು?"

"ಇಲ್ಲವಾ. ನಿನ್ನಾಣಿ ಇಲ್ಲ."

"ಅವ್ವಾ."

"ಒಂದೀಟs. ಅಂಗೈಗೆ ಹತ್ತಿದ್ದಷ್ಟು. ಅಕ್ಕನ ಮುಂದ ಹೇಳಬ್ಯಾಡ."

"ಒರಸಬ್ಯಾಡ. ಹಂಗs ಇರಲಿ. ಕುಲಾವಿ ಬಿಚ್ಚಬ್ಯಾಡ್ರಿ. ಅಕ್ಕನ್ನ ಕರ್ಕೊಂಡು ಈಗಿಂದೀಗ ದವಾಖಾನಿಗೆ ಬರ್ರಿ."

"ಯಾಕs? ಏನಾತು? ಎಣ್ಣಿಂದ ಏನರ ಆತೇನು?"

"ಎಣ್ಣಿಂದ ಗೊತ್ತಾತು," ಎಂದೆ. ಅಷ್ಟು ಗಟ್ಟಿಯಾಗಿ ಅಂದದ್ದು ನಾನೇನಾ ಎಂದು ಕಟ್ಟಿ ಸರ್ ತಿರುಗಿ ನೋಡಿದರು.

ನರಶಸ್ತ್ರಚಿಕಿತ್ಸಕಿ ಡಾಕ್ಟರ್ ಶಕೀಲಾ ಹುಕ್ಕೇರಿ ಸದ್ದು ಕೇಳಿ ತಡ ಮಾಡಲಿಲ್ಲ. ನಾಳಕ್ಕೆ ಬಣ್ಣದ ಔಷಧಿ ಬಿಟ್ಟು ಚಿತ್ರ ತೆಗೆದರು. ಮೆದುಳಿನ ಎರಡು ಹೋಳುಗಳ ನಡುವಿನ ಸೀಳಿನಲ್ಲಿ, ಜೋಳದ ಕಾಳಿನಷ್ಟು, ಫುಗ್ಗಾ ಕೂತಿತ್ತು. ಗೋಡೆ ತೆಳುವಾಗಿತ್ತು. ಒಡೆದಿರಲಿಲ್ಲ.

ತೊಡೆಯ ನಾಳದಿಂದ ಕೂದಲಿನಂಥ ಕೊಳವೆ ತೂರಿಸಿ ಫುಗ್ಗಾದವರೆಗೆ ಒಯ್ದು, ಒಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬಬೇಕು. ತುಂಬಿತೋ ಇಲ್ಲವೋ ಎಂದು ತಿಳಿಯಲು ಮತ್ತೆ ಮತ್ತೆ ಬಣ್ಣ ಬಿಡಬೇಕು. ಐದು ತಿಂಗಳ ಕೂಸಿನ ಮೂತ್ರಪಿಂಡ ಅಷ್ಟು ಬಣ್ಣ ತಾಳುವುದಿಲ್ಲ. ಹಾಗೆಂದು ಅಂದಾಜಿನಲ್ಲಿ ತುಂಬುವಂತಿಲ್ಲ; ಹೆಚ್ಚಾದರೆ ಗೋಡೆ ಒಡೆಯುತ್ತದೆ, ಕಡಿಮೆಯಾದರೆ ಫುಗ್ಗಾ ಮತ್ತೆ ಬೆಳೆಯುತ್ತದೆ.

"ಕುಲಾವಿ ತಲಿ ಮ್ಯಾಲೇ ಇರಲಿ," ಡಾಕ್ಟರ್ ಶಕೀಲಾ ಫೋನಿನಲ್ಲಿ ಕಟ್ಟಿ ಸರ್‌ಗೆ ಹೇಳಿದರು. "ನಾ ತುಂಬತೀನಿ. ನಿಮ್ಮಲ್ಲಿ ಯಾರರ ಕೇಳಿ ಹೇಳ್ರಿ, ಸದ್ದು ನಿಂತಿತೋ ಇಲ್ಲೋ. ಇಲ್ಲಿ ಯಂತ್ರಗಳ ಗದ್ದಲದಾಗ ನನಗ ಕೇಳಂಗಿಲ್ಲ. ಯಾರು ಕೂಡ್ತಾರ?"

ಕಟ್ಟಿ ಸರ್ ನನ್ನ ಕಡೆ ನೋಡಿದರು.

"ನನ್ನ ದನಿ ಅಲ್ಲಿಗೆ ಮುಟ್ಟಂಗಿಲ್ರಿ ಸರ್," ಎಂದೆ.

"ದನಿ ದೊಡ್ಡದು ಮಾಡೂದು ನನ್ನ ಕೆಲಸ. ಅದಕ್ಕs ನನಗ ಪಗಾರ ಕೊಡ್ತಾರ. ನೀವು ಬಾಯಿ ತಗದ್ರ ಸಾಕು."

ಆಸ್ಪತ್ರೆಯಲ್ಲಿ ಆಗ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಡಾಕ್ಟರ್ ಹೊರಗೆ ಬಂದು, "ಕೂಸಿಗೆ ಎಣ್ಣಿ ಹಚ್ಚಿದವರು ಯಾರು?" ಎಂದು ಕೇಳಿದರಂತೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಅಕ್ಕನ ಹಿಂದೆ ಸರಿದಳಂತೆ. "ತಪ್ಪಾತ್ರಿ ಡಾಕ್ಟರ್ ಬಾಯಾರ. ಇನ್ನೊಮ್ಮೆ ಹಚ್ಚಂಗಿಲ್ಲ."

"ಇನ್ನೊಮ್ಮೆ ಹಚ್ಚಬೇಕಾಗೇತಿ, ಬರ್ರಿ," ಎಂದು ಡಾಕ್ಟರ್ ಅವಳಿಗೆ ಹಸಿರು ಅಂಗಿ ತೊಡಿಸಿ ಒಳಗೆ ಕರೆದೊಯ್ದರು. ಮತ್ತಿನಲ್ಲಿ ಮಲಗಿದ್ದ ಮೊಮ್ಮಗಳ ನೆತ್ತಿಗೆ ಅವ್ವ ಎಣ್ಣೆ ತಟ್ಟಿದಳು.

ನಾನು ನಮ್ಮ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಮುಂದೆ ಮೈಕು. ಹಿಂದೆ ಕೇಂದ್ರದವರೆಲ್ಲ ನಿಂತಿದ್ದರು.

"ಮುಕ್ತಾ, ಕೇಳ್ತೈತಾ?" ಡಾಕ್ಟರ್ ದನಿ.

"ಕೇಳ್ತೈತ್ರಿ. ದಬ್... ಗರ್ರ್... ಐತ್ರಿ."

"ಮೊದಲ ಸುರುಳಿ ಬಿಡ್ತೀನಿ."

ಬೀಸುಕಲ್ಲಿಗೆ ಯಾರೋ ಒಂದು ಹಿಡಿ ಹೆಚ್ಚು ಕಾಳು ಸುರಿದ ಹಾಗೆ ಸದ್ದು ಭಾರವಾಯಿತು. "ಐತ್ರಿ. ನಿಧಾನ ಆಗೇತಿ. ಐತ್ರಿ." ಬಾಯಿ ತಾನಾಗಿ ಆಡುತ್ತಿತ್ತು. ಹಿಂದೆ ಜನ ನಿಂತದ್ದು ಮರೆತುಹೋಯಿತು. ಮಿಡಿತ ಮಿಡಿತಕ್ಕೂ ಹೇಳಿದೆ. ಎರಡನೆಯ ಸುರುಳಿ ಹೋಯಿತು. ಗರ್ರ್ ಸಣ್ಣಗಾಯಿತು, ಎಳೆಯಾಯಿತು, ದಬ್ ಮಾತ್ರ ಉಳಿದಂತಾಯಿತು.

ಪರದೆಯ ಮೇಲೆ ಸುಳಿಯ ಸದ್ದನ್ನು ತೋರಿಸುವ ಗೆರೆಯೂ ನೇರವಾಯಿತು. ನಮ್ಮ ಕೋಣೆಯಲ್ಲಿ ಯಾರೋ ಚಪ್ಪಾಳೆ ತಟ್ಟಿಯೇ ಬಿಟ್ಟರು. ಆ ಕಡೆ ಡಾಕ್ಟರ್, "ನಿಂತಿತು ಅಲ್ಲಾ? ಕೊಳವಿ ತಗೀಲೇನು?" ಎಂದರು.

ಗೆರೆ ನೇರವಿತ್ತು. ನನ್ನ ಕಿವಿಯಲ್ಲಿ ನೇರವಿರಲಿಲ್ಲ. ಮಿಡಿತದ ತುದಿಯಲ್ಲಿ, ಕಲ್ಲು ನಿಲ್ಲುವ ಮುಂಚೆ ಅರೆಸುತ್ತು ಜಾರುವಂಥದ್ದೇನೋ ಇನ್ನೂ ಇತ್ತು. ಇಷ್ಟು ದೊಡ್ಡ ಡಾಕ್ಟರಿಗೆ, ಇಷ್ಟು ಜನರ ಎದುರು, ಪರದೆ ಬೇರೆ ಹೇಳುತ್ತಿರುವಾಗ, ಹೇಗೆ ಹೇಳಲಿ?

"ತಗೀಬ್ಯಾಡ್ರಿ ಮೇಡಂ!" ಎಂದು ಕೂಗಿದೆ. "ಇನ್ನೂ ಐತ್ರಿ. ಭಾಳ ಸಣ್ಣದು. ಆದ್ರ ಐತ್ರಿ."

ಕಟ್ಟಿ ಸರ್ ಪರದೆ ನೋಡಿದರು, ನನ್ನನ್ನು ನೋಡಿದರು, ಪರದೆಯನ್ನು ಆರಿಸಿಬಿಟ್ಟರು.

"ಖಾತ್ರಿ ಐತಾ ತಂಗಿ?" ಎಂದರು ಡಾಕ್ಟರ್.

"ಐತ್ರಿ."

"ಹಂಗಾರ ಕಡೀ ಬಣ್ಣ ಬಿಟ್ಟು ನೋಡತೀನಿ." ಆ ಕಡೆ ಯಂತ್ರಗಳ ಗುಂಯ್ ಸದ್ದು. ಆಮೇಲೆ ಡಾಕ್ಟರ್ ದನಿ. "ಉಬ್ಬಿನ ಕುತ್ತಿಗಿ ಹತ್ರ ಒಂದು ಸಂದು ಉಳದೈತಿ. ಯಾ ಅಲ್ಲಾ. ಇದನ್ನ ಬಿಟ್ಟು ಎದ್ದಿದ್ದೆ ಅಂದ್ರ..." ಪಕ್ಕದವರಿಗೆ ಹೇಳಿದರು, "ಸಣ್ಣ ಸುರುಳಿ ಕೊಡ್ರಿ. ತಂಗಿ, ಹೇಳಕೊಂತ ಹೋಗು."

"ಐತ್ರಿ. ಐತ್ರಿ. ಐತ್ರಿ... ನಿಂತಿತ್ರಿ."

ದಬ್. ದಬ್. ದಬ್. ಅದರ ಬೆನ್ನಿಗೆ ಏನೂ ಇಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಕಾದೆ. ಏನೂ ಇಲ್ಲ.

"ನಿಂತಿತ್ರಿ ಮೇಡಂ. ಬರೀ ಗುಂಡವ್ವ ಅದಾಳ್ರಿ."

ಹೆಡ್‌ಫೋನ್ ತೆಗೆದಾಗ ಗೊತ್ತಾಯಿತು, ಕೋಣೆಯಲ್ಲಿದ್ದವರೆಲ್ಲ ಕಿರುಚುತ್ತಿದ್ದರು. ಕಟ್ಟಿ ಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದರು.

ಗುಂಡವ್ವ ಮನೆಗೆ ಬಂದ ಮೇಲೆ ಕಟ್ಟಿ ಸರ್ ಒಂದು ಮಧ್ಯಾಹ್ನ ನಮ್ಮ ಮನೆಗೇ ಬಂದರು. ಅವ್ವ ಬೈಸಿಕೊಳ್ಳಲು ಸಿದ್ಧಳಾಗಿ ಗೋಡೆಗಾನಿಕೊಂಡು ನಿಂತಳು. ಅವರು ಅಳತೆಯ ಪಿಪೆಟ್ಟು ಹೊರತೆಗೆದರು.

"ಅವ್ವಾರ, ಎಷ್ಟು ಎಣ್ಣಿ ಹಚ್ತೀರಿ?"

"ಒಂದೀಟ್ರಿ."

"ಒಂದೀಟು ಅಂದ್ರ?"

"ಒಂದೀಟು ಅಂದ್ರ ಒಂದೀಟು," ಅವ್ವ ಅಂಗೈ ಚಾಚಿದಳು. ಕಟ್ಟಿ ಸರ್ ಆ ಅಂಗೈಯ ಎಣ್ಣೆಯನ್ನು ಹೀರಿ ಅಳೆದರು. ಮತ್ತೆ ಹಾಕಿಸಿದರು, ಮತ್ತೆ ಅಳೆದರು. ಪ್ರತಿ ಸಲ ಬೇರೆ ಅಳತೆ. "ಹೆಂಗ್ರೀ ಇದು?" ಎಂದು ಬೆವರು ಒರೆಸಿಕೊಂಡರು.

ಅಕ್ಕ ಒಳಗಿನಿಂದ ಕೂಗಿದಳು, "ಸರ್, ಲಗ್ನ ಆಗ್ರಿ. ತಿಳೀತೈತಿ."

ಅವ್ವನಿಗೆ ಇಂದಿಗೂ ಗಾಳಿ, ಸದ್ದು ಇದ್ಯಾವುದೂ ಬೇಕಿಲ್ಲ. ಎಣ್ಣೆ ತಲೆಯನ್ನು ತಣ್ಣಗಿಟ್ಟಿತು, ಕೂಸು ಉಳಿಯಿತು, ಅಷ್ಟೇ. ಗುಂಡವ್ವ ಅವಳ ತೊಡೆಯ ಮೇಲೆ ಕಾಲು ಬಡಿಯುತ್ತ ಪಿಪೆಟ್ಟಿಗೆ ಕೈ ಚಾಚುತ್ತಿದ್ದಳು.

ಈಗ ಕುಲಾವಿಯ ಜೊತೆ ಒಂದು ಪುಟ್ಟ ಬಾಟಲಿ ಔಡಲೆಣ್ಣೆ ಹೋಗುತ್ತದೆ. ಜರಡಿಯನ್ನು ಕಟ್ಟಿ ಸರ್ ತಮ್ಮ ಕೈಯಾರೆ ಅಳಿಸಿದರು. ಆದರೆ ಅದಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿತ್ತು. ಜರಡಿ ಇಷ್ಟು ಕಾಲ 'ಕೆಟ್ಟಿದೆ' ಎಂದು ತಳ್ಳಿದ ಸದ್ದೆಲ್ಲ ಹಾಗೆಯೇ ಬಿದ್ದಿತ್ತು. ಸೂಚನೆ ಮೀರಿ, ಸೊಸೆಯ ಕಣ್ಣು ತಪ್ಪಿಸಿ, ಗುಟ್ಟಾಗಿ ಎಣ್ಣೆ ತಟ್ಟಿದ ಅಷ್ಟೂ ಮನೆಗಳು. ನಾವೆಲ್ಲ ಸರದಿಯಲ್ಲಿ ಕೂತು ಒಂದೊಂದನ್ನೇ ಕೇಳಿದೆವು. ದಬ್, ದಬ್, ದಬ್. ಎಲ್ಲ ಗಟ್ಟಿಮುಟ್ಟು ಕೂಸುಗಳು. ಕೇಳುತ್ತ ಹೋದಂತೆ ಎದೆ ಹಗುರಾಯಿತು.

ಆಮೇಲೆ, ಹಿಂದಿನ ವಾರವಷ್ಟೇ ಬಂದ ಒಂದರಲ್ಲಿ, ಬೀಸುಕಲ್ಲು.

ಇಳಕಲ್ಲಿನ ಮನೆ. ತೊಟ್ಟಿಲಿನಿಂದ ಜಾರಿದ ಕೂಸು. ಮೊದಲಾಗಿದ್ದರೆ ಫೋನ್ ಮಾಡುವ ಕೆಲಸವನ್ನು ಬೇರೆ ಯಾರಿಗಾದರೂ ದಾಟಿಸುತ್ತಿದ್ದೆ. ಆ ದಿನ ನಂಬರು ಒತ್ತಿದ್ದು ನಾನೇ. ವಯಸ್ಸಾದ ಹೆಣ್ಣುದನಿ ಎತ್ತಿಕೊಂಡಿತು. ಹಿಂದೆ ಕೂಸಿನ ಕೇಕೆ. ಕೂಸು ಇದೆ.

"ಅಮ್ಮಾರ, ಧಾರವಾಡ ಕೇಂದ್ರದಿಂದ ಮಾತಾಡತೀನ್ರಿ. ಕೂಸಿನ ನೆತ್ತಿಗೆ ಎಣ್ಣಿ ಹಚ್ಚೀರೇನ್ರಿ?"

"ಇಲ್ರಿ ಯವ್ವಾ," ದನಿ ಕೂಡಲೇ ಸಣ್ಣಗಾಯಿತು. "ದೇವರಾಣಿ ಹಚ್ಚಿಲ್ರಿ."

"ಹೆದರಬ್ಯಾಡ್ರಿ," ಎಂದೆ. ನನ್ನ ದನಿ ಇಡೀ ಕೋಣೆಗೆ ಕೇಳಿಸುತ್ತಿತ್ತು. "ನೀವು ಹಚ್ಚಿದ್ದಕ್ಕs ನಮಗ ಕೇಳಿಸೇತಿ. ಭಾಳ ಛಲೋ ಮಾಡೀರಿ. ಒರಸಬ್ಯಾಡ್ರಿ. ಕೂಸಿನ್ನ ಎತ್ಕೊಂಡು ಈಗ ಹೊರಡ್ರಿ. ಗಾಡಿ ನಿಮ್ಮ ಬಾಗಿಲಿಗೇ ಬರತೈತಿ."